ಅವ್ವನ ಮಾರಿಗೊಂದು ಕ್ಯಾಮೆರಾ

ಕೂಡ್ಲಿಗಿಯಲ್ಲಿ ಬೆಳಿಗ್ಗೆ ಏಳೂವರೆಯ ಕೊಟ್ಟೂರು ಬಸ್ಸು ಹತ್ತಿದಾಗ ನನ್ನ ಹೆಗಲಿಗೆ ಹೊಚ್ಚ ಹೊಸ ಕ್ಯಾಮೆರಾ ಚೀಲವಿತ್ತು. ಚೀಲದೊಳಗೆ ಕ್ಯಾಮೆರಾ ಇರಲಿಲ್ಲ. ಆರು ಚಪಾತಿ, ಶೇಂಗಾ ಚಟ್ನಿ, ಒಂದು ನೀರಿನ ಬಾಟಲಿ ಇದ್ದವು. ಅಗ್ಗಕ್ಕೆ ಸಿಕ್ಕಿತೆಂದು ತಿಂಗಳ ಹಿಂದೆಯೇ ಆ ಚೀಲ ಕೊಂಡಿದ್ದೆ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸ್ಯಾಳ ನನ್ನ ಮಗಳು" ಎಂದು ಅವ್ವ ಕಿಟಕಿ ಸೀಟು ಹಿಡಿದು, ಕಂಡಕ್ಟರಿಗೂ ಕೇಳಿಸುವಂತೆ ಹೇಳಿದಳು. ಇಬ್ಬರಿಗೆ ಇಪ್ಪತ್ತನಾಲ್ಕು ರೂಪಾಯಿ ಟಿಕೆಟ್. ಇದು 2008ರ ಮಾರ್ಚಿನ ಮಾತು. ಎರಡನೇ ಶನಿವಾರವಾದ್ದರಿಂದ ನನಗೆ ರಜೆ.

ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವ್ವನ ರಕ್ತವನ್ನೂ ನಾನೇ ನೋಡುತ್ತೇನೆ. ಅದರ ಹಿಂದಿನ ವರ್ಷ ಅವಳ ಸಕ್ಕರೆಯ ಅಂಕಿ ನೋಡಿದ ದಿನ ನನಗೊಂದು ಹೆದರಿಕೆ ಹೊಕ್ಕಿತು: ಐವತ್ತೆಂಟು ವರ್ಷದ ಈ ಹೆಂಗಸಿನದು ಮನೆಯಲ್ಲಿ ಒಂದೇ ಒಂದು ಫೋಟೋ ಇಲ್ಲ. ಓಟಿನ ಕಾರ್ಡಿನಲ್ಲೊಂದಿದೆ, ಅದನ್ನು ನೋಡಿದರೆ ಅವ್ವನ ಬದಲು ಯಾರನ್ನೋ ಕೂರಿಸಿದ್ದಾರೆ ಅನಿಸುತ್ತದೆ. ನಾಳೆ ಇವಳಿಗೇನಾದರೂ ಆದರೆ ನಾನು ಯಾವ ಮುಖ ನೋಡಿಕೊಂಡು ಇರಲಿ?

ಮನೆಯ ಗೋಡೆಯಲ್ಲಿ ಇರುವುದು ಅಪ್ಪನದೊಂದೇ. ಅಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದವನು, ನನಗೆ ಮೂರು ವರ್ಷವಿದ್ದಾಗ ತೀರಿಕೊಂಡ. ಫೋಟೋದಲ್ಲಿ ಮಾತ್ರ ಕಪ್ಪು ಕೋಟು, ಟೈ ಹಾಕಿ, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಸಾಹೇಬನಂತೆ ನಿಂತಿದ್ದಾನೆ. ನಾನು ಶಾಲೆಯಲ್ಲಿ "ನಮ್ಮಪ್ಪ ಕೋಟು ಹಾಕ್ತಿದ್ದ" ಎಂದು ಹೇಳಿಕೊಂಡು ಮೆರೆದವಳು.

ಅವ್ವನನ್ನು ಸ್ಟುಡಿಯೋಗೆ ಕರೆದರೆ ಬರುವುದಿಲ್ಲ. ಮದುವೆ ಮನೆಯಲ್ಲಿ ಫೋಟೋದವನು ಕಂಡರೆ ಸಾಕು, ಎದ್ದು ಅಡುಗೆಯ ಕಡೆ ಹೋಗಿಬಿಡುತ್ತಾಳೆ. ದೀಪಾವಳಿಯಲ್ಲಿ ನಾನು ಜಗಳವನ್ನೇ ತೆಗೆದೆ. ಕೊನೆಗೆ ಅವಳು, "ಸ್ಟುಡಿಯೋದವರ ಮುಂದ ನಾ ಕುಂದ್ರಾಕಿ ಅಲ್ಲ. ನೀನ ಒಂದು ತಂದು, ನೀನ ತೆಗಿ, ಅವಾಗ ನೋಡೂಣು" ಅಂದಳು. ಇವಳೆಲ್ಲಿ ತರುತ್ತಾಳೆ ಎಂಬ ಧೈರ್ಯ ಅವಳಿಗೆ. ನಾನೂ ಅವಳ ಹೊಟ್ಟೆಯಲ್ಲೇ ಹುಟ್ಟಿದವಳು. ಅಂದಿನಿಂದ ಸಂಬಳದಲ್ಲಿ ಎತ್ತಿಡುತ್ತ ಬಂದು, ಮೊದಲಿನ ಉಳಿತಾಯಕ್ಕೆ ಸೇರಿಸಿ ಇಪ್ಪತ್ತು ಸಾವಿರ ಮಾಡಿದೆ.

ಮೊದಲು ಹೊಸಪೇಟೆಯ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಅಲ್ಲಿಯವನು ಗಾಜಿನ ಕಪಾಟಿನಿಂದ ಕ್ಯಾಮೆರಾವನ್ನು ಹೊರಗೇ ತೆಗೆಯಲಿಲ್ಲ. "ನಿಮ್ಮ ಯಜಮಾನರನ್ನ ಕರ್ಕೊಂಡು ಬರ್ರಿ ಮೇಡಂ, ಅವರಿಗೆ ತೋರಿಸ್ತೀವಿ" ಅಂದ. ನನಗೆ ಮದುವೆಯೇ ಆಗಿಲ್ಲ. ಅವನ ಅಂಗಡಿಗೆ ಬೆಂಕಿ ಬೀಳಲಿ ಎಂದು ಬೈದುಕೊಂಡು ಬಂದೆ. ಆಮೇಲೆ ಕೂಡ್ಲಿಗಿಯ ಸ್ಟುಡಿಯೋದವನು, ಗೋಡೆಗೆ ಹಾಕುವಂಥ ದೊಡ್ಡ ಫೋಟೋಕ್ಕೆ ಸ್ಟುಡಿಯೋದವರು ಹಿಡಿಯುವ ಡಿ.ಎಸ್.ಎಲ್.ಆರ್. ಕ್ಯಾಮೆರಾವೇ ಬೇಕು, ಕೊಟ್ಟೂರಿನ ಕೊಟ್ರೇಶನ ಹತ್ತಿರ ಒಂದಿದೆ, ನೋಡಲು ಅವನು ಸಂಕೋಚವಿಲ್ಲದೆ ಕೈಗೆ ಕೊಡುತ್ತಾನೆ ಎಂದ. ಹೊರಡುವ ದಿನ ಅವ್ವನೂ ಸೀರೆ ಬದಲಿಸಿ ನಿಂತಳು. "ನೀ ಒಬ್ಬಾಕಿ ಹೋದ್ರ ನಿನ್ನ ತಲಿ ಬೋಳಿಸಿ ಕಳಿಸ್ತಾರ" ಅಂದಳು.

ಕೊಟ್ಟೂರು ಇಪ್ಪತ್ತು ಕಿಲೋಮೀಟರಿನ ದಾರಿ, ಕೈ ತೋರಿಸಿದವರಿಗೆಲ್ಲ ನಿಂತು ಬಸ್ಸು ಒಂದು ಗಂಟೆ ಮಾಡಿತು. ಇಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಸಕ್ಕರೆ ಕಾಯಿಲೆಯವಳು ಎರಡು ಮಿರ್ಚಿ ತಿಂದು, ಮೂರನೆಯದಕ್ಕೆ ಕೈ ಹಾಕಿದಾಗ ನಾನು ತಟ್ಟೆ ಎಳೆದುಕೊಂಡೆ. ಅಷ್ಟರಲ್ಲಿ ಎದುರಿನ ಸ್ಟುಡಿಯೋದ ಬಾಗಿಲು ತೆರೆಯಿತು.

"ಬರ್ರಿ ಅಕ್ಕಾರ. ಪಾಸ್‌ಪೋರ್ಟ್ ಸೈಜೇನ್ರಿ?" ಎಂದ ಕೊಟ್ರೇಶ.

"ಕ್ಯಾಮೆರಾ ನೋಡಬೇಕಿತ್ತು. ಕೊಳ್ಳಾಕ."

"ಯಾರಿಗ್ರಿ?"

"ನನಗ."

ಅವನು ಅವ್ವನ ಕಡೆ ನೋಡಿದ. "ನನ್ನ ಕಡೆ ಏನ್ ನೋಡ್ತಿಯಪ್ಪ? ರೊಕ್ಕಾನೂ ಆಕೀದು, ಹುಚ್ಚೂ ಆಕೀದು" ಅಂದಳು ಅವ್ವ.

ಅವನು ನಗುತ್ತ ಬೀರು ತೆಗೆದು ಕಪ್ಪಗಿನ ಭಾರದ ಕ್ಯಾಮೆರಾವನ್ನು ಕೈಗಿತ್ತ. ಇದು ತನ್ನದು, ಮಾರಾಟಕ್ಕಲ್ಲ, ಲೆನ್ಸ್ ಸೇರಿ ಇಪ್ಪತ್ತೊಂಬತ್ತು ಸಾವಿರ ಕೊಟ್ಟಿದ್ದೇನೆ ಅಂದ. "ಯವ್ವಾ! ಎರಡು ಎಮ್ಮಿ ಬರ್ತಾವಲ್ಲೋ!" ಎಂದು ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. ನನಗೆ ಇನ್ನೊಂದು ಮಾತು ತಲೆಗೆ ಹೋಗಲಿಲ್ಲ: ಲೆನ್ಸ್ ಸೇರಿ ಎಂದರೇನು, ಲೆನ್ಸ್ ಇಲ್ಲದ ಕ್ಯಾಮೆರಾವನ್ನೂ ಮಾರುತ್ತಾರೆಯೇ? ಮಾರುತ್ತಾರಂತೆ. ಬಾಡಿ ಬೇರೆ, ಲೆನ್ಸ್ ಬೇರೆ. ತೋರಿಸುತ್ತೇನೆ ಎಂದು ಅವನು ಲೆನ್ಸನ್ನು ಹಿಡಿದು ಕೋಳಿಯ ಕತ್ತು ತಿರುವಿದಂತೆ ತಿರುವಿದ. ಅದು ಟಕ್ಕೆಂದು ಕೈಗೆ ಬಂತು. ನಾನು "ಅಯ್ಯೋ" ಎಂದು ಕೂಗಿಯೇಬಿಟ್ಟೆ.

ಲೆನ್ಸನ್ನು ಮತ್ತೆ ಹಾಕಿಕೊಟ್ಟ ಮೇಲೆ ಹಿಂದಿನ ಪರದೆ ನೋಡಿದೆ. ಕಗ್ಗತ್ತಲು. ನಮ್ಮ ಲ್ಯಾಬಿನ ಗೆಳತಿಯ ಸಣ್ಣ ಕ್ಯಾಮೆರಾದಲ್ಲಿ ಎದುರಿಗಿದ್ದದ್ದೆಲ್ಲ ಟಿ.ವಿ.ಯಲ್ಲಿ ಕಂಡಂತೆ ಕಾಣುತ್ತದೆ. ಇಪ್ಪತ್ತೊಂಬತ್ತು ಸಾವಿರದ್ದರಲ್ಲಿ ಏನೂ ಇಲ್ಲ!

"ಇದು ಕೆಟ್ಟೈತಿ ಅಲ್ರಿ?" ಎಂದೆ.

"ಕೆಟ್ಟಿಲ್ರಿ ಅಕ್ಕಾರ. ಇದರಾಗ ಹಂಗ ಕಾಣಂಗಿಲ್ಲ. ಈ ಕಿಂಡಿಗೆ ಕಣ್ಣಿಡ್ರಿ. ತೆಗೆದ ಮ್ಯಾಲಷ್ಟ ಹಿಂದ ಬರ್ತೈತಿ."

ಕಣ್ಣಿಟ್ಟೆ. ದಿನವೂ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವವಳಿಗೆ ಅದು ಹೊಸದಲ್ಲ. ಆದರೆ ಅಲ್ಲಿ ಕಾಣುವುದು ರಕ್ತದ ಕಣ, ಇಲ್ಲಿ ಅವ್ವ. ಅವಳ ಕಿವಿಯ ಓಲೆ, ಗಲ್ಲದ ಹಚ್ಚೆಯ ಮೂರು ಚುಕ್ಕಿ, ಮೂಗಿನ ಪಕ್ಕದ ಗೆರೆ ಅಷ್ಟು ಹತ್ತಿರ ಬಂದವು. ಮೂವತ್ತೊಂದು ವರ್ಷದಿಂದ ಜೊತೆಗಿದ್ದು ನಾನು ಆ ಗೆರೆ ನೋಡಿರಲಿಲ್ಲ. ನಾಚಿಕೆಯಾಯಿತು. ಅಷ್ಟರಲ್ಲಿ ಅವಳು ಸೆರಗು ಎಳೆದು ಮುಖಕ್ಕೆ ಹಿಡಿದಳು. "ನೋಡು, ಆದ್ರ ಒತ್ತಬ್ಯಾಡ. ಇದು ಅವನ ಸ್ಟುಡಿಯೋ" ಅಂದಳು.

ಕೊಟ್ರೇಶ ಒಳ್ಳೆಯವನು. ಕೊಳ್ಳುವ ಮೊದಲು ಹಗರಿಬೊಮ್ಮನಹಳ್ಳಿಯ ಖಾಸಿಂಸಾಬರನ್ನು ಕೇಳಿ, ಈ ಕಡೆಯ ಕ್ಯಾಮೆರಾಗಳೆಲ್ಲ ರಿಪೇರಿಗೆ ಅವರ ಕೈಯಲ್ಲಿ ಬಿಚ್ಚಿಸಿಕೊಂಡವೇ ಎಂದ. ಹೊಸದೇ ಬೇಕೆಂದರೆ ಹರಪನಹಳ್ಳಿಯಲ್ಲೊಬ್ಬ ದಾವಣಗೆರೆಯಿಂದ ತರಿಸಿ ಮಾರುತ್ತಾನೆ ಎಂದೂ ಹೇಳಿ ಅಂಗಡಿಯ ಗುರುತು ಬರೆದುಕೊಟ್ಟ.

ಹಗರಿಬೊಮ್ಮನಹಳ್ಳಿ ತಲುಪಿದಾಗ ಹನ್ನೊಂದು ದಾಟಿತ್ತು, ತಲೆಗೆ ಹದಿನಾರು ರೂಪಾಯಿ. ದಾರಿಯುದ್ದಕ್ಕೂ ಕೊಯ್ದು ಬಿಟ್ಟ ಬೋಳು ಹೊಲ, ಕಿಟಕಿಯಿಂದ ಬಿಸಿಗಾಳಿ. ಖಾಸಿಂಸಾಬರದು ಸೈಕಲ್ ಅಂಗಡಿಯ ಪಕ್ಕದ ಒಂದು ಗೂಡು. ಕೈಗಡಿಯಾರ, ರೇಡಿಯೋ, ಕ್ಯಾಮೆರಾ ಮೂರನ್ನೂ ರಿಪೇರಿ ಮಾಡುತ್ತಾರೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದವರು ಅದನ್ನು ತೆಗೆಯದೆಯೇ, "ಕುಂದರ್ರಿ ಯಮ್ಮಾ, ಚಾ ಹೇಳ್ತೀನಿ" ಅಂದರು. ಅವ್ವನದಕ್ಕೆ ಸಕ್ಕರೆ ಬೇಡ ಎಂದು ನಾನು, ಇರಲಿ ಎಂದು ಅವ್ವ.

ನನ್ನ ಸಂಗತಿ ಕೇಳಿದ ಮೇಲೆ ಅವರು ರಿಪೇರಿಗೆ ಬಂದಿದ್ದ ಒಂದು ಕ್ಯಾಮೆರಾದ ಲೆನ್ಸ್ ಬಿಚ್ಚಿ ಒಳಗೆ ತೋರಿಸಿದರು. ಒಳಗೊಂದು ಉಗುರಗಲದ ಕನ್ನಡಿ. ಗುಂಡಿ ಒತ್ತಿದರು, ಕನ್ನಡಿ ಚಟ್ಟನೆ ಮೇಲೆ ಹಾರಿ ಮತ್ತೆ ಕೂತಿತು. ನಾನು ಹಿಂದಕ್ಕೆ ಜಿಗಿದೆ.

"ಕಿಂಡ್ಯಾಗ ಕಾಣೋದು ಈ ಕನ್ನಡಿಯಾಗಿಂದು, ಬೇಟಿ. ಫೋಟೋ ಬೀಳೂ ಹೊತ್ತಿಗೆ ಕನ್ನಡಿ ಮ್ಯಾಲೆ ಹೋಗ್ತೈತಿ. ಆ ಒಂದು ಚಣ ನಿನಗ ಏನೂ ಕಾಣಂಗಿಲ್ಲ."

"ಅಂದ್ರ ಫೋಟೋದಾಗ ಏನು ಬಂತು ಅಂತ ತೆಗಿಯೋವಾಕಿಗೇ ಗೊತ್ತಿರಂಗಿಲ್ಲೇನ್ರಿ?"

"ಗೊತ್ತಿರಂಗಿಲ್ಲ. ಅದಕ್ಕ ಮೊದಲ ಚಲೋ ನೋಡಿಟ್ಕೋಬೇಕು."

ಈ ಕನ್ನಡಿ ಇಷ್ಟು ಸಲ ಹಾರಿತೆಂದರೆ ಅದರ ಆಯುಷ್ಯ ಮುಗಿಯಿತು ಎಂಬುದೂ ಅಲ್ಲೇ ತಿಳಿಯಿತು. ಕ್ಯಾಮೆರಾಕ್ಕೂ ಆಯುಷ್ಯ! ಮದುವೆ ಸ್ಟುಡಿಯೋದವರು ಒಂದೇ ಮದುವೆಯಲ್ಲಿ ಸಾವಿರ ಸಲ ಒತ್ತುತ್ತಾರೆ, ಅಂಥವರ ಹಳೆಯದನ್ನು ಕೊಳ್ಳುವಾಗ ಎಷ್ಟು ಒತ್ತಿದ್ದಾರೆ ಕೇಳು ಎಂದರು. ಯಾವ ಕಂಪನಿ ಒಳ್ಳೆಯದು ಎಂದು ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅವರು ಹೆಸರು ಹೇಳಲಿಲ್ಲ. "ಕೈಯಾಗ ಹಿಡಿ, ಕಣ್ಣು ಮುಚ್ಚು, ಬಟನ್ ಹುಡುಕು. ಬೆರಳು ತಾನ ಹೋದ್ರ ಅದು ನಿಂದು. ದೊಡ್ಡ ಬಾಡಿಗೆ ರೊಕ್ಕ ಸುರೀಬ್ಯಾಡ. ಸಣ್ಣದು ತಗೋ, ಉಳಿದದ್ದು ಮುಂದ ಒಂದು ಚಲೋ ಲೆನ್ಸಿಗೆ ಆಗ್ತೈತಿ" ಅಂದರು.

ನನ್ನ ಹತ್ತಿರ ಇಪ್ಪತ್ತೇ ಇದೆ ಎಂದಾಗ ಹಡಗಲಿಯ ಗುರುಶಾಂತಪ್ಪನ ಹೆಸರು ಹೇಳಿದ್ದು ಅವರೇ. ಹಳೇ ಸ್ಟುಡಿಯೋ, ಮಗ ಹೊಸದು ತಂದಿರುವುದರಿಂದ ಹಿಂದಿನದನ್ನು ಹದಿನೈದಕ್ಕೆ ಕೊಡುತ್ತಾನಂತೆ. ಹಡಗಲಿ ಎಂದ ಕೂಡಲೇ ಅವ್ವ ಎದ್ದಳು. ಅವಳ ತವರು ಹಿರೇಹಡಗಲಿ, ಅಲ್ಲಿಂದ ಹತ್ತಿರವೇ.

ಹಡಗಲಿ ಬಸ್ಸಿನಲ್ಲಿ ಚಪಾತಿ ಮುಗಿಸಿದೆವು. ಇಳಿದಾಗ ಒಂದೂವರೆ, ನೆತ್ತಿ ಸುಡುವ ಬಿಸಿಲು. ನಿಲ್ದಾಣದ ಬಾಗಿಲಲ್ಲೇ ಮಲ್ಲಿಗೆ ಮಾರುತ್ತಿದ್ದರು, ಮೊಳಕ್ಕೆ ಐದು ರೂಪಾಯಿ. ಅವ್ವ ಎರಡು ಮೊಳ ಕೊಂಡು ಒಂದನ್ನು ನನಗೆ ಮುಡಿಸಿದಳು, ಇನ್ನೊಂದನ್ನು ಅಪ್ಪನ ಫೋಟೋಕ್ಕೆಂದು ಎಲೆಯಲ್ಲಿ ಸುತ್ತಿಸಿಕೊಂಡು ಕೈಯಲ್ಲಿ ಹಿಡಿದಳು.

ಗುರುಶಾಂತಪ್ಪನಿಗೆ ಎಪ್ಪತ್ತಿರಬಹುದು. ಮಗ ಮದುವೆಯೊಂದಕ್ಕೆ ಹೋಗಿದ್ದ. ಮುದುಕ ಪ್ಲಾಸ್ಟಿಕ್ ಕವರಿನಿಂದ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. ಎಷ್ಟು ಸಲ ಒತ್ತಿದ್ದೀರಿ ಎಂದು ಕೇಳಿದೆ. "ಅದನ್ಯಾರು ಎಣಿಸ್ಯಾರ್ರಿ ಮೇಡಂ" ಎಂದು ನಕ್ಕ. ನಾನು ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದೆ.

"ಸುಮಿ" ಎಂದಳು ಅವ್ವ. ಆ ದನಿಯಲ್ಲಿ ಅವಳು ನನ್ನನ್ನು ಎಂದೂ ಕರೆದಿರಲಿಲ್ಲ.

ಅವಳು ಗೋಡೆ ನೋಡುತ್ತಿದ್ದಳು. ಗೋಡೆಯ ಮೇಲೆ ಸಾಲಾಗಿ ಐದು ದೊಡ್ಡ ಫೋಟೋ. ಐದು ಗಂಡಸರು. ಒಬ್ಬನಿಗೆ ಹುರಿಮೀಸೆ, ಒಬ್ಬ ಹಣ್ಣು ಮುದುಕ, ಒಬ್ಬನಿಗೆ ಇನ್ನೂ ಮೀಸೆಯೇ ಚಿಗುರಿಲ್ಲ. ಐವರಿಗೂ ಕಪ್ಪು ಕೋಟು. ಐವರಿಗೂ ಅದೇ ಟೈ. ಐವರ ಕೈಯೂ ಅದೇ ಕುರ್ಚಿಯ ಬೆನ್ನಿನ ಮೇಲೆ. ಆ ಕೈಯ ಕಿರುಬೆರಳು ಸೊಟ್ಟಗೆ ಒಳಕ್ಕೆ ಬಾಗಿತ್ತು.

ಆ ಕಿರುಬೆರಳು ನನಗೆ ಗೊತ್ತು. ಗೋಡೆಗೆ ಕೈ ಎಟುಕಿದ ದಿನದಿಂದ ಅಪ್ಪನ ಫೋಟೋದ ಗಾಜು ಒರೆಸಿದವಳು ನಾನು. ಅಪ್ಪನ ಹಾಗೆಯೇ ಆಗಬೇಕೆಂದು ಚಿಕ್ಕವಳಿದ್ದಾಗ ನನ್ನ ಕಿರುಬೆರಳನ್ನೂ ಬಗ್ಗಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ.

"ಇವರೆಲ್ಲ ಯಾರ್ರಿ?" ಎಂದು ಕೇಳಿದೆ.

"ತೀರಿಕೊಂಡವರು. ಮನಿಯವರು ಒಯ್ಯಾಕ ಬರಲಿಲ್ಲ, ಇಲ್ಲೇ ಉಳದಾವ. ಅವಾಗೆಲ್ಲಿ ಮೇಡಂ, ಬದುಕಿದ್ದಾಗ ಯಾರು ದೊಡ್ಡ ಫೋಟೋ ತೆಗಿಸ್ತಿದ್ರು? ಸತ್ತ ಮ್ಯಾಲೆ ಒಂದು ಸಣ್ಣ ಫೋಟೋ ಹಿಡಕೊಂಡು ಬರೋರು. ಅದರಾಗಿನ ಮಾರಿ ಕತ್ತರಿಸಿ, ಕೋಟಿನ ಮೈಗೆ ಅಂಟಿಸಿ, ಪೆನ್ಸಿಲ್ ಆಡಿಸಿ, ಮತ್ತೊಂದು ಫೋಟೋ ಹೊಡದು ದೊಡ್ಡದು ಮಾಡಿ ಕೊಡ್ತಿದ್ದೆ. ಕೋಟು ಕಾಣದ ಮಂದಿಗೆ ಕೋಟು ಹಾಕ್ಸೀನ್ರಿ."

"ಮೈ ಯಾರದು?"

"ನಂದ! ನನ್ನ ಮದುವಿ ಕೋಟದು" ಎಂದು ಗುರುಶಾಂತಪ್ಪ ಮೇಜಿನ ಮೇಲೆ ಕೈಯೂರಿದ. ಕಿರುಬೆರಳು ಸೊಟ್ಟಗಿತ್ತು.

ಅವ್ವ ಗಬಕ್ಕನೆ ಸೆರಗನ್ನು ಹಣೆಯವರೆಗೂ ಎಳೆದುಕೊಂಡಳು. ಆಮೇಲೆ ಅವಳು ಕೈಯಲ್ಲಿದ್ದ ಹೂವಿನ ಪೊಟ್ಟಣ ನೋಡಿ, ಅವನನ್ನು ನೋಡಿ, "ಯಪ್ಪಾ, ಇಪ್ಪತ್ತೆಂಟು ವರ್ಷ ನಿನ್ನ ಎದಿ ಮ್ಯಾಲೆ ಹೂ ಹಾಕೀನಲ್ಲೋ!" ಅಂದಳು.

ಮುದುಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕೂತಿದ್ದವನು ಎದ್ದು ನಿಂತ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಪರೀಕ್ಷೆಗೆ ಹೋಗುವಾಗ ಕೈಮುಗಿದದ್ದು, ಮೊದಲ ಸಂಬಳ ಇಟ್ಟದ್ದು, ಎಲ್ಲ ಈ ಮನುಷ್ಯನ ಕೋಟಿನ ಮುಂದೆ.

"ಒಂದು ಮಾತು ಕೇಳ್ತೀನಿ" ಎಂದಳು ಅವ್ವ. "ಮಾರಿ ಕತ್ತರಿಸಿದ ಮ್ಯಾಲೆ ಉಳಿದದ್ದು ಏನ್ ಮಾಡ್ತಿದ್ದಿ?"

"ಉಳಿದದ್ದೇನು ಯಮ್ಮಾ, ಚೂರುಪಾರು. ಕಸದ ಬುಟ್ಟಿಗೆ ಹಾಕ್ತಿದ್ದೆ."

"ಅದರಾಗ ನಾ ಇದ್ದೆ."

ಅಲ್ಲೇ ನನಗೆ ಎಲ್ಲ ತಿಳಿದದ್ದು. ಮದುವೆಯ ದಿನ ಅಪ್ಪ, ಅವ್ವ ಜೋಡಿಯಾಗಿ ನಿಂತು ತೆಗೆಸಿಕೊಂಡ ಫೋಟೋ ಒಂದಿತ್ತು. ಅವರ ಹತ್ತಿರ ಇದ್ದದ್ದು ಅದೊಂದೇ. ಅಪ್ಪ ತೀರಿಕೊಂಡಾಗ ಸೋದರಮಾವ ಅದನ್ನು ಯಾವುದೋ ಸ್ಟುಡಿಯೋಗೆ ಒಯ್ದು ಕೋಟಿನ ಫೋಟೋ ಮಾಡಿಸಿಕೊಂಡು ಬಂದ. ಮದುವೆಯ ಫೋಟೋ ಎಲ್ಲಿ ಎಂದು ಅವ್ವ ಕೇಳಿದ್ದಕ್ಕೆ, ಅದನ್ನು ಕತ್ತರಿಸಿ ಎಸೆದರು, ಈಗ ನಿನ್ನ ಫೋಟೋ ಯಾತಕ್ಕೆ ಎಂದನಂತೆ. ಯಾವ ಸ್ಟುಡಿಯೋ ಎಂದು ಅವಳಿಗೆ ಆ ದಿನದವರೆಗೂ ಗೊತ್ತಿರಲಿಲ್ಲ. ನಾನಂತೂ ಅವಳಿಗೆ ನಾಚಿಕೆ, ಮೂಢನಂಬಿಕೆ ಎಂದು ಎಷ್ಟು ಸಲ ಹಂಗಿಸಿದ್ದೇನೋ! ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಗುರುಶಾಂತಪ್ಪ ಕೈಮುಗಿದ. "ತಪ್ಪಾತು ಯಮ್ಮಾ. ನಾವು ಸತ್ತವರದಷ್ಟ ನೋಡ್ತಿದ್ವಿ. ಕುಂದ್ರು, ಈಗ ಒಂದು ತೆಗೀತೀನಿ. ರೊಕ್ಕ ಬ್ಯಾಡ."

"ಬ್ಯಾಡಪ್ಪ. ನೀ ಬೇಕಂತ ಮಾಡಿಲ್ಲ, ಬಿಡು. ಆದ್ರ ನಿನ್ನ ಕ್ಯಾಮೆರಾನೂ ಬ್ಯಾಡ" ಎಂದು ಅವ್ವ ಮೆಟ್ಟಿಲಿಳಿದಳು. ಹೊರಗೆ ಬಂದು ಪೊಟ್ಟಣ ಬಿಚ್ಚಿ ಆ ಮೊಳ ಹೂವನ್ನೂ ನನ್ನ ಜಡೆಗೇ ಸಿಕ್ಕಿಸಿದಳು.

ಹರಪನಹಳ್ಳಿಗೆ ಎರಡು ಗಂಟೆಯ ದಾರಿ, ತಲೆಗೆ ಇಪ್ಪತ್ತೆಂಟು ರೂಪಾಯಿ. ಅರ್ಧ ದಾರಿ ಕಳೆಯಿತು. ಆಮೇಲೆ ಕೇಳಿದೆ: "ಕೋಟು ಅಪ್ಪಂದಲ್ಲ ಅಂತ ಗೊತ್ತಿತ್ತೇನವ್ವ?"

"ಗೊತ್ತಿಲ್ದ ಏನು? ನಿಮ್ಮಪ್ಪಗ ಇದ್ದದ್ದ ಎರಡು ಅಂಗಿ. ನೀ ಸಾಲ್ಯಾಗ ಹೇಳ್ಕೊಂಡು ಕುಣೀತಿದ್ದಿ, ನಾ ಯಾಕ ಹೇಳ್ಲಿ?"

"ಮದುವಿ ಫೋಟೋದಾಗ ನೀ ಹೆಂಗಿದ್ದಿ?"

"ಯಾರಿಗೆ ನೆನಪೈತಿ? ಹದಿನಾರು ವರ್ಷ ನನಗ. ಹಸಿರು ಸೀರಿ ಉಟ್ಟಿದ್ದೆ. ಫೋಟೋದಾಗ ಕರ್ರಗ ಬಂದಿತ್ತು."

ನಾನು ಮುಖ ಆಚೆ ತಿರುಗಿಸಿ ಅತ್ತೆ. ಕಂಡಕ್ಟರ್ ನೋಡಿ ನೋಡದಂತೆ ಮುಂದೆ ಹೋದ.

ಹರಪನಹಳ್ಳಿಯಲ್ಲಿ ಕೊಟ್ರೇಶ ಬರೆದುಕೊಟ್ಟ ಅಂಗಡಿ ನಿಲ್ದಾಣದ ಹಿಂದೆಯೇ ಇತ್ತು. ಅಂಗಡಿಯಾತ ಎರಡು ಕಂಪನಿಗಳ ಎರಡು ಕ್ಯಾಮೆರಾ ಮುಂದಿಟ್ಟು, ದೊಡ್ಡದರಲ್ಲಿ ಫೋಟೋ ಇನ್ನೂ ದೊಡ್ಡದಾಗಿ ಬರುತ್ತದೆ ಎಂದು ಹೊಗಳತೊಡಗಿದ. ನಾನು ಕಣ್ಣು ಮುಚ್ಚಿ ಹಿಡಿದೆ. ದೊಡ್ಡದರಲ್ಲಿ ಬೆರಳು ತಡಕಾಡಿತು. ಸಣ್ಣದರಲ್ಲಿ ತಾನಾಗಿ ಹೋಗಿ ಗುಂಡಿಯ ಮೇಲೆ ಕೂತಿತು. ಅದೇ ಸಾಕು ಎಂದೆ. ಲೆನ್ಸ್ ಸೇರಿ ಇಪ್ಪತ್ತೆರಡು ಸಾವಿರ. ಎರಡು ಕಡಿಮೆ ಬಿತ್ತೆಂದು ನಾನು ಮುಖ ಸಣ್ಣದು ಮಾಡಿದಾಗ ಅವ್ವ ಎಲೆಯಡಿಕೆ ಚೀಲದ ತಳದಿಂದ ಮಡಚಿದ ನೋಟು ತೆಗೆದಳು. ಮನೆ ಬಿಡುವಾಗಲೇ ಇಟ್ಟುಕೊಂಡು ಬಂದಿದ್ದಳು!

"ಇಲ್ಲಿ ಒತ್ತಿದ್ರೆ ಫೋಟೋ, ಇಲ್ಲಿ ಒತ್ತಿದ್ರೆ ತೆಗೆದಿದ್ದು ಕಾಣ್ತತೆ" ಎಂದು ಅಂಗಡಿಯಾತ ಬ್ಯಾಟರಿ, ಕಾರ್ಡು ಹಾಕಿ ಕಲಿಸಿದ. "ಚೆನ್ನಾಗಿ ಬಂದಿಲ್ಲ ಅಂದ್ರೆ ಈ ಕಸದ ಬುಟ್ಟಿ ಗುರ್ತು ಐತಲ್ಲ, ಇದನ್ನ ಒತ್ರಿ. ಅಳಿಸ್ಲಾ ಅಂತ ಕೇಳ್ತತೆ. ಇನ್ನೊಂದ್ಸಲ ಒತ್ತಿದ್ರೆ ಹೋತು. ಖರ್ಚೇನಿಲ್ಲ." ನನಗಿಂತ ಹೆಚ್ಚಾಗಿ ಅವ್ವನೇ ಬಗ್ಗಿ ನೋಡುತ್ತಿದ್ದಳು.

ನಿಲ್ದಾಣಕ್ಕೆ ಬಂದಾಗ ಐದೂಮುಕ್ಕಾಲು. ಪಡುವಣ ಬಿಸಿಲು ಬೇವಿನ ಮರದಡಿಯ ಕಲ್ಲುಬೆಂಚಿನವರೆಗೂ ಬಂದಿತ್ತು. ಅವ್ವ ತಾನಾಗಿಯೇ ಹೋಗಿ ಅಲ್ಲಿ ಕೂತಳು. "ಇಲ್ಲೇ ಕುಂದ್ರಲೇನು?" ಅಂದಳು. ನಾನು ಚೀಲದಿಂದ ಕ್ಯಾಮೆರಾ ತೆಗೆದೆ. ಕಿಂಡಿಗೆ ಕಣ್ಣಿಟ್ಟೆ. ಪಕ್ಕದಲ್ಲಿ ಯಾರೋ ಏನೋ ಅಂದರು, ಅವ್ವ ಅವರಿಗೆ ಉತ್ತರ ಕೊಡುತ್ತ ನಕ್ಕಳು, ನಾನು ಒತ್ತಿಬಿಟ್ಟೆ.

ಪರದೆಯ ಮೇಲೆ ಅವ್ವ ಬಂದಳು. ಸೆರಗು ಹೆಗಲಿಗೆ ಜಾರಿದೆ, ಕಿವಿಯ ಹತ್ತಿರದ ನರೆಗೂದಲು ಹೊಳೆಯುತ್ತಿದೆ, ಅರ್ಧ ಮಾತು, ಅರ್ಧ ನಗು. ನಮ್ಮವ್ವನೇ! ನಾನು ಓಡಿ ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಕ್ಯಾಮೆರಾವನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಹೆಬ್ಬೆರಳು ಒಮ್ಮೆ ಒತ್ತಿತು. ತಡೆದು, ಇನ್ನೊಮ್ಮೆ ಒತ್ತಿತು. ಪರದೆ ಕಪ್ಪಾಯಿತು.

"ಅವ್ವಾ! ಏನ್ ಮಾಡಿದಿ!" ಎಂದು ನಾನು ಕಿರುಚಿದ್ದಕ್ಕೆ ನಿಲ್ದಾಣದಲ್ಲಿದ್ದವರೆಲ್ಲ ತಿರುಗಿದರು. ಅವಳ ಪಕ್ಕದಲ್ಲೇ ಕೂತೆ. ಐವತ್ತೆಂಟು ವರ್ಷಕ್ಕೆ ಒಂದು ಫೋಟೋ, ಅದನ್ನೂ ಅಳಿಸಿಬಿಟ್ಟಳು.

"ಬಾಯಿ ತೆಗೆದಂಗ ಬಂದಿತ್ತು. ಸೆರಗೂ ಸರಿ ಇರಲಿಲ್ಲ" ಅಂದಳು ಅವ್ವ, ಕ್ಯಾಮೆರಾವನ್ನು ನನ್ನ ಮಡಿಲಿಗೆ ಇಡುತ್ತ. "ಅವಾಗ ನನ್ನ ಕೇಳದ ಎಸೆದ್ರು. ಇವತ್ತು ನಾನ ನೋಡಿ ಎಸೆದೀನಿ. ಅಳ್ತಿ ಯಾಕ ಹುಚ್ಚಿ? ನಾ ಇಲ್ಲೇ ಅದೀನಲ್ಲ. ಏಳು, ಇನ್ನೊಂದು ತೆಗಿ."

ಅಷ್ಟರಲ್ಲಿ ಕೂಡ್ಲಿಗಿ ಬಸ್ಸು ಬಂದು ನಿಂತು ಹಾರ್ನ್ ಹೊಡೆಯಿತು. ಮುಂದಿನದಕ್ಕೆ ಒಂದೂವರೆ ಗಂಟೆ ಕಾಯಬೇಕು. "ಅವ್ವ, ಬಸ್ಸು" ಎಂದೆ.

"ಹೋಗ್ಲಿ ಬಿಡು" ಅಂದಳು.

ಬಸ್ಸು ಹೋಯಿತು. ನಾನು ಕಣ್ಣೊರೆಸಿಕೊಂಡು ಎದುರಿಗೆ ನಿಂತೆ. ಅವ್ವ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನೇರವಾಗಿ ನನ್ನನ್ನೇ ನೋಡಿದಳು.